ಹಳೇ ವಿಡಿಯೋದ ಬ್ಯಾಲೆರಿನಾ ಥರ ಆಗಬೇಕು ಅಂತ ಮಗಳು ಊಟ ಬಿಟ್ಟಿದ್ದಾಳೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 14 ವರ್ಷ. ಬೆಂಗಳೂರಿನಲ್ಲೇ ಆರು ವರ್ಷದಿಂದ ಬ್ಯಾಲೆ ಕಲಿಯುತ್ತಿದ್ದಾಳೆ. ಎಂಟು ತಿಂಗಳ ಹಿಂದೆ ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಪಾಯಿಂಟ್ ಶೂ ಶುರು ಮಾಡಿದರು. ಅದೇ ಹೊತ್ತಿಗೆ ಸರಸರ ಅಂತ ಬೆಳೆದು ಈಗ 5 ಅಡಿ 7 ಇಂಚು ಆಗಿದ್ದಾಳೆ. ದಿನಾ ಮೊಬೈಲಿನಲ್ಲಿ 1940, 50ರ ದಶಕದ ಕಪ್ಪು ಬಿಳುಪು ಬ್ಯಾಲೆ ವಿಡಿಯೋ ನೋಡುತ್ತಾಳೆ. ಲಂಡನ್ನಿನ ಮಾರ್ಗೊ ಫಾಂಟೇನ್, ರಷ್ಯಾದ ಉಲಾನೋವಾ, ನ್ಯೂಯಾರ್ಕಿನ ಬ್ಯಾಲಂಚೀನ್ ಕಂಪನಿಯವರು, ಇವರದ್ದೇ ಮಾತು. "ಅವರೆಲ್ಲ ನನ್ನ ವಯಸ್ಸಿಗೆ ಸ್ಟೇಜ್ ಹತ್ತಿದ್ದರು, ನಾನು ಆಗಲೇ ಲೇಟು, ಉದ್ದ ಬೇರೆ, ದಪ್ಪ ಬೇರೆ" ಅನ್ನುತ್ತಾಳೆ. ಖಂಡಿತ ದಪ್ಪ ಇಲ್ಲ. ಬೆಳಗಿನ ತಿಂಡಿ ಬಿಟ್ಟಿದ್ದಾಳೆ. ರಾತ್ರಿ ಸೌತೆಕಾಯಿ, ಒಂದು ಲೋಟ ಮಜ್ಜಿಗೆ, ಅಷ್ಟೇ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಬಲಗಾಲಿನ ಪಾದದ ಮೇಲೆ ಒಂದು ಕಡೆ ಒತ್ತಿದರೆ ನೋವು. ಕೇಳಿದರೆ "ಬ್ಯಾಲೆ ಅಂದ್ರೆ ನೋವು ಇದ್ದದ್ದೇ ಅಮ್ಮ" ಅನ್ನುತ್ತಾಳೆ. ಕ್ಲಾಸಿನಲ್ಲಿ ಟೀಚರು ಸ್ವಲ್ಪ ತೆಳ್ಳಗಾದರೆ ಲೈನ್, ಅಂದರೆ ದೇಹದ ಗೆರೆ, ಚೆನ್ನಾಗಿ ಕಾಣುತ್ತೆ ಅಂದರಂತೆ. ಇನ್ನು ಆರು ವಾರಕ್ಕೆ ಶೋ ಇದೆ. ನಮ್ಮ ಯಜಮಾನರು ಬಿಡಿಸಿಬಿಡೋಣ ಅನ್ನುತ್ತಾರೆ. ನನಗೆ ಏನೂ ತೋಚುತ್ತಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಿಡಿಸಬೇಕೋ ಬೇಡವೋ ಅನ್ನುವುದು ನಿಮ್ಮ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀವು ನಡುವೆ ಬರೆದುಬಿಟ್ಟು ಮುಂದೆ ಹೋಗಿರುವ ಎರಡು ಸಾಲು. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಪಾದದ ಮೇಲೆ ಒಂದೇ ಕಡೆ ಒತ್ತಿದರೆ ನೋವು.

ಇವೆರಡೂ ಬೇರೆ ಬೇರೆ ಅಂತ ಅಂದುಕೊಳ್ಳಬೇಡಿ. ಇಪ್ಪತ್ತು ವರ್ಷದಿಂದ ನಾನು ನೃತ್ಯ ಮಾಡುವವರ ಪಾದ, ಮಂಡಿ, ಸೊಂಟ ನೋಡುತ್ತಿರುವ ಫಿಸಿಯೋಥೆರಪಿಸ್ಟ್. ಭರತನಾಟ್ಯದವರು ಜಾಸ್ತಿ, ಈಚೆಗೆ ಬ್ಯಾಲೆ ಮಕ್ಕಳೂ ಬರುತ್ತಾರೆ. ಇವೆರಡು ಒಟ್ಟಿಗೆ ಕಂಡರೆ ನಾನು ಬೇರೆಲ್ಲ ಬದಿಗಿಟ್ಟು ಮೊದಲು ಊಟದ ವಿಷಯ ಕೇಳುತ್ತೇನೆ. ದೇಹಕ್ಕೆ ದಿನವೂ ಬೇಕಾದಷ್ಟು ಬರದಿದ್ದರೆ ಅದು ಖರ್ಚು ಕಡಿಮೆ ಮಾಡುತ್ತದೆ. ಮನೆಯಲ್ಲಿ ದುಡ್ಡು ಸಾಲದಿದ್ದಾಗ ನಾವು ಮೊದಲು ಏನು ನಿಲ್ಲಿಸುತ್ತೇವೆ? ಸದ್ಯಕ್ಕೆ ಬೇಡ ಅನಿಸಿದ್ದನ್ನು. ದೇಹವೂ ಹಾಗೇ, ಮುಟ್ಟು ನಿಲ್ಲಿಸುತ್ತದೆ. ಅದರ ಜೊತೆಗೆ ಮೂಳೆಯನ್ನು ಕಾಯುವ ಹಾರ್ಮೋನೂ ಇಳಿಯುತ್ತದೆ. ನೃತ್ಯ ಮಾಡಿದ ದಿನ ಮೂಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸವೆತ ಆಗುವುದು ಸಹಜ, ಊಟ ನಿದ್ದೆ ಸರಿ ಇದ್ದರೆ ಅದು ದುರಸ್ತಿ ಆಗುತ್ತದೆ, ಇಲ್ಲದಿದ್ದರೆ ಸವೆತದ ಮೇಲೆ ಸವೆತ ಸೇರಿ ಕೊನೆಗೆ ಸೀಳು ಬಿಡುತ್ತದೆ. ಹೆಬ್ಬೆರಳಿನ ಪಕ್ಕದ ಬೆರಳಿನ ಹಿಂದೆ ಪಾದದೊಳಗೆ ಒಂದು ಉದ್ದ ಮೂಳೆ ಇದೆ, ಎರಡನೇ ಮೆಟಟಾರ್ಸಲ್. ಬೆರಳ ತುದಿಯ ಮೇಲೆ ನಿಂತಾಗ ಅದರ ಮೇಲೆ ಬಹಳ ಭಾರ ಬೀಳುತ್ತದೆ. ಬ್ಯಾಲೆಯವರಲ್ಲಿ ಸೀಳು ಬಿಡುವ ಮೂಳೆ ಅಂದರೆ ಮೊದಲು ಅದೇ.

ನಿಮ್ಮ ಮಗಳಿಗೆ ಸೀಳು ಬಿಟ್ಟೇ ಬಿಟ್ಟಿದೆ ಅಂತ ಇಲ್ಲಿಂದಲೇ ಹೇಳಲಾರೆ. ಆದರೆ ಇವತ್ತಿನಿಂದಲೇ ಪಾಯಿಂಟ್ ಶೂ ಎತ್ತಿಡಿ, ಹಾರುವುದು ನಿಲ್ಲಿಸಿ, ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸಿ. ಒಂದು ಮಾತು ನೆನಪಿಟ್ಟುಕೊಳ್ಳಿ. ಇಂಥ ಸೀಳು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಕ್ಸ್‌ರೇ ನಾರ್ಮಲ್ ಅಂತ ಬಂದು ನೋವು ಅದೇ ಜಾಗದಲ್ಲಿ ಉಳಿದರೆ ಎಂಆರ್‌ಐ ಬಗ್ಗೆ ಕೇಳಿ. ಮುಟ್ಟಿನ ವಿಷಯಕ್ಕೆ ಸ್ತ್ರೀರೋಗ ತಜ್ಞರನ್ನೋ ಮಕ್ಕಳ ಡಾಕ್ಟರನ್ನೋ ನೋಡಿ. ಶುರುವಾದ ಮೊದಲೆರಡು ವರ್ಷ ಮುಟ್ಟು ಹಿಂದೆಮುಂದೆ ಆಗುವುದುಂಟು, ನಿಜ. ಊಟ ಬಿಟ್ಟಿರುವ ಹುಡುಗಿಯಲ್ಲಿ ನಾಲ್ಕು ತಿಂಗಳು ನಿಂತರೆ ಅದನ್ನು ಆ ಲೆಕ್ಕಕ್ಕೆ ಹಾಕಬಾರದು. ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಡಿ, ಹಾರ್ಮೋನು, ಇಷ್ಟನ್ನು ಅವರು ನೋಡಬಹುದು. ತಲೆ ಸುತ್ತಿ ಬಿದ್ದರೆ, ಎದೆಬಡಿತ ತೀರಾ ನಿಧಾನ ಅನಿಸಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಈಗ ಆ ವಿಡಿಯೋಗಳ ವಿಷಯ.

ಅವುಗಳ ಹುಚ್ಚು ನನಗೂ ಇದೆ. ಅದಕ್ಕೇ ಹೇಳುತ್ತೇನೆ, ಅವಳಿಂದ ಮೊಬೈಲ್ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಜೊತೆಗೆ ನೋಡಿ. ಅವಳು ನೋಡುತ್ತಿರುವುದು ಒಳ್ಳೆಯದನ್ನೇ. ಅದರಿಂದ ತೆಗೆದುಕೊಂಡಿರುವ ಅರ್ಥ ಮಾತ್ರ ತಪ್ಪು, ಮತ್ತು ಅದು ತಪ್ಪು ಅಂತ ಆ ವಿಡಿಯೋದವರ ಬದುಕೇ ತೋರಿಸುತ್ತದೆ.

ಮೊದಲು ತೆಳ್ಳಗಿರುವ ವಿಷಯ. 1946ರ ಫೆಬ್ರವರಿ 20ರಂದು ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಆಪೆರಾ ಹೌಸ್ ಮತ್ತೆ ಬಾಗಿಲು ತೆರೆಯಿತು. ಯುದ್ಧದ ಕಾಲದಲ್ಲಿ ಅದು ಜನ ಬಂದು ಡ್ಯಾನ್ಸ್ ಮಾಡುವ ಹಾಲ್ ಆಗಿತ್ತು. ಅವತ್ತು ಆಡಿದ್ದು "ದಿ ಸ್ಲೀಪಿಂಗ್ ಬ್ಯೂಟಿ", ಮುಖ್ಯ ಪಾತ್ರ 26 ವರ್ಷದ ಮಾರ್ಗೊ ಫಾಂಟೇನ್. ಬಟ್ಟೆಗೂ ರೇಷನ್, ಊಟಕ್ಕೂ ರೇಷನ್. ಸಿಕ್ಕ ಬಟ್ಟೆಯಲ್ಲೇ ಪರದೆ ಉಡುಪು ಹೊಂದಿಸಿಕೊಂಡರು. ಬ್ರಿಟನ್ನಿನಲ್ಲಿ ಊಟದ ರೇಷನ್ 1940ರಲ್ಲಿ ಶುರುವಾಗಿದ್ದು ಪೂರ್ತಿ ಮುಗಿದದ್ದು 1954ಕ್ಕೆ. ಆ ಹುಡುಗಿಯರಿಗೆ ತೆಳ್ಳಗಾಗಲು ಬೆಣ್ಣೆ ಬಿಡುವ ಆಯ್ಕೆಯೇ ಹೆಚ್ಚು ಇರಲಿಲ್ಲ. ಬೆಣ್ಣೆಯೇ ವಾರಕ್ಕಿಷ್ಟು ಅಂತ ಅಳೆದು ಕೊಡುತ್ತಿದ್ದರು. ಅಷ್ಟಾದರೂ ಆ ಕಾಲದ ಫೋಟೋಗಳನ್ನು ನಿಲ್ಲಿಸಿ ನೋಡಿ. ತೊಡೆ ದುಂಡಗಿದೆ, ತೋಳು ತುಂಬಿಕೊಂಡಿದೆ, ಎದೆಯ ಮೂಳೆ ಎದ್ದು ಕಾಣುವುದಿಲ್ಲ. ನಿಮ್ಮ ಮಗಳು "ಆ ಕಾಲದ ಥರ" ಆಗಬೇಕು ಅಂತ ಒದ್ದಾಡುತ್ತಿರುವ ದೇಹ ಆ ಕಾಲದ್ದಲ್ಲ, ಅದು ಹೆಚ್ಚಾಗಿ ಆಮೇಲಿನದು.

ಹಾಗಾದರೆ ಅದು ಎಲ್ಲಿಂದ ಬಂತು? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕಾರಣ ಗೊತ್ತಾದರೆ ಮಕ್ಕಳ ತಲೆಯಿಂದ ಅದರ ಹಿಡಿತ ಸಡಿಲವಾಗುವುದನ್ನು ನಾನು ನೋಡಿದ್ದೇನೆ. ಜಾರ್ಜ್ ಬ್ಯಾಲಂಚೀನ್ ರಷ್ಯಾದಲ್ಲಿ ಕಲಿತು 1933ರಲ್ಲಿ ಅಮೆರಿಕಕ್ಕೆ ಬಂದವರು. 1934ರಲ್ಲಿ ಶಾಲೆ, 1948ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ. ಅವರು ಕಥೆ ಕಡಿಮೆ ಮಾಡಿದರು, ಸಂಗೀತ ಮತ್ತು ಚಲನೆಯೇ ಮುಖ್ಯ ಅಂದರು. "ದಿ ಫೋರ್ ಟೆಂಪರಮೆಂಟ್ಸ್" 1946ರಲ್ಲಿ ಮೊದಲು ಬಂದಾಗ ಅದಕ್ಕೆ ಭಾರೀ ವೇಷ ಇತ್ತು. ಆ ವೇಷದೊಳಗೆ ನೃತ್ಯವೇ ಕಾಣುತ್ತಿರಲಿಲ್ಲ. 1951ರಲ್ಲಿ ಅದನ್ನು ತೆಗೆದು, ದಿನಾ ಪ್ರಾಕ್ಟೀಸಿಗೆ ಹಾಕುವ ಮೈಗಂಟಿದ ಬಟ್ಟೆಯಲ್ಲೇ ಆಡಿಸಿದರು. 1957ರಲ್ಲಿ "ಅಗಾನ್" ಅಂತೂ ಶುರುವಿನಿಂದಲೇ ಹಾಗೆ. ಪ್ರಯೋಗವಾಗಿ ಅದ್ಭುತ, ನನಗೆ ಬಹಳ ಇಷ್ಟ. ಆದರೆ ಲಂಗ, ಜರಿ, ಪದರ ಪದರದ ಟುಟು ಎಲ್ಲ ಹೋದ ಮೇಲೆ ಪ್ರೇಕ್ಷಕರ ಕಣ್ಣಿಗೆ ಉಳಿದದ್ದು ದೇಹದ ಗೆರೆ ಮಾತ್ರ. ಉದ್ದ ಕಾಲು, ಸಣ್ಣ ತಲೆ, ತೆಳು ಸೊಂಟ, ಇದೇ "ಬ್ಯಾಲಂಚೀನ್ ಮೈಕಟ್ಟು" ಅಂತ ಹೆಸರಾಯಿತು. 1963ರಲ್ಲಿ ಫೋರ್ಡ್ ಫೌಂಡೇಶನ್ ಅನ್ನುವ ದಾನಿ ಸಂಸ್ಥೆ ಅಮೆರಿಕದ ಬ್ಯಾಲೆಗೆ 77 ಲಕ್ಷ ಡಾಲರಿಗೂ ಜಾಸ್ತಿ ದುಡ್ಡು ಕೊಟ್ಟಿತು, ಅದರಲ್ಲಿ ದೊಡ್ಡ ಪಾಲು ಬ್ಯಾಲಂಚೀನ್ ಕಂಪನಿಗೆ ಮತ್ತು ಶಾಲೆಗೆ ಹೋಯಿತು. ದುಡ್ಡು ಹೋದ ಕಡೆ ಅಚ್ಚೂ ಹೋಗುತ್ತದೆ ಅಲ್ವಾ. ಒಂದು ಕಂಪನಿಯ ರುಚಿ ನಿಧಾನಕ್ಕೆ ಎಲ್ಲ ಕಡೆಯ ನಿಯಮ ಆಗಿಬಿಟ್ಟಿತು. ವೇಷದ ಬಗ್ಗೆ ಒಬ್ಬ ಕಲಾವಿದ ಮಾಡಿದ ಆಯ್ಕೆ ಇದರ ಒಂದು ಬೇರು, ನಿಮ್ಮ ಮಗಳ ತಟ್ಟೆಗೂ ಅದಕ್ಕೂ ಸಂಬಂಧವೇ ಇರಬೇಕಾಗಿಲ್ಲ.

ಇನ್ನೂ ಒಂದು. ಆ ಮೈಕಟ್ಟಿಗೆ ಮೊದಲ ಮಾದರಿ ಅಂತ ಎಲ್ಲರೂ ಹೇಳುವುದು ಟಾನಕಿಲ್ ಲೆ ಕ್ಲೆರ್ಕ್ ಅವರನ್ನು. ಬ್ಯಾಲಂಚೀನ್ ಶಾಲೆಯಲ್ಲೇ ಬಾಲ್ಯದಿಂದ ಬೆಳೆದವರು. ಹುಟ್ಟಿನಿಂದಲೇ ಉದ್ದ ಕೈಕಾಲಿನವರು, ಡಯಟ್ ಮಾಡಿ ಹಾಗಾದದ್ದಲ್ಲ. ನಿಮ್ಮ ಮಗಳು ಅವರ ವಿಡಿಯೋವನ್ನೂ ನೋಡಿಯೇ ಇರುತ್ತಾಳೆ. ಅದೇ ಲೆ ಕ್ಲೆರ್ಕ್ 1966ರಲ್ಲಿ ಒಂದು ದಪ್ಪ ಅಡುಗೆ ಪುಸ್ತಕ ಹೊರತಂದರು, ಬ್ಯಾಲೆ ಕಲಾವಿದರು ಮನೆಯಲ್ಲಿ ಮಾಡಿಕೊಂಡು ತಿನ್ನುವ ಅಡುಗೆಗಳನ್ನೆಲ್ಲ ಸೇರಿಸಿ. ಬ್ಯಾಲಂಚೀನ್ ಅವರಿಗೂ ಅಡುಗೆ ಅಂದರೆ ಪ್ರಾಣ. ಇದನ್ನು ಅವಳಿಗೆ ಹೇಳಿ. ನಾನು ಇದನ್ನು ಹೇಳಿದಾಗ ಒಬ್ಬ ಹುಡುಗಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು, ಆಮೇಲೆ ಅಳಲು ಶುರು ಮಾಡಿದಳು. ಹಸಿದಿದ್ದಳು, ಅಷ್ಟೇ. ಎಷ್ಟೋ ತಿಂಗಳಿಂದ ಹಸಿದಿದ್ದಳು.

ಎತ್ತರದ ವಿಷಯಕ್ಕೆ ಬರೋಣ. 5 ಅಡಿ 7 ಇಂಚು ತೊಂದರೆ ಅಂತ ಯಾರಾದರೂ ಹೇಳಿದ್ದರೆ ಅದಕ್ಕೆ ಆ ಕಾಲದಲ್ಲಿ ಒಂದು ಕಾರಣ ಇತ್ತು, ಜೊತೆಗಾರ. ಬೆರಳ ತುದಿಯ ಮೇಲೆ ನಿಂತರೆ ಹುಡುಗಿ ಇನ್ನೂ ಒಂದಷ್ಟು ಇಂಚು ಏರುತ್ತಾಳೆ. ಅವಳನ್ನು ಹಿಡಿದು ತಿರುಗಿಸುವವನು ಅದಕ್ಕಿಂತ ಎತ್ತರ ಇರಬೇಕು. ಯುದ್ಧಕ್ಕೆ ಗಂಡಸರು ಹೋಗಿದ್ದ ಲಂಡನ್ನಿನಲ್ಲಿ ಜೊತೆಗಾರ ಸಿಕ್ಕುವುದೇ ಕಷ್ಟ, ಎತ್ತರದವನು ಇನ್ನೂ ಕಷ್ಟ. ಹಾಗಿದ್ದರೂ ಬೆರಿಲ್ ಗ್ರೇ ಇದ್ದರು. ಆ ಕಾಲದ ಲೆಕ್ಕದಲ್ಲಿ ತುಂಬಾ ಎತ್ತರದ ಹುಡುಗಿ. 1942ರಲ್ಲಿ ತಮ್ಮ 15ನೇ ಹುಟ್ಟುಹಬ್ಬದ ದಿನ ಪೂರ್ತಿ "ಸ್ವಾನ್ ಲೇಕ್" ಆಡಿದರು. 1957ರಲ್ಲಿ ಮಾಸ್ಕೋದ ಬೊಲ್ಶೊಯ್ ಬ್ಯಾಲೆ ಕಂಪನಿ ಅವರನ್ನು ಅತಿಥಿ ಕಲಾವಿದೆಯಾಗಿ ಕರೆಯಿತು. ಅತ್ತ ನ್ಯೂಯಾರ್ಕಿನಲ್ಲಿ ಬ್ಯಾಲಂಚೀನ್ ಎತ್ತರದವರನ್ನೇ ಹುಡುಕುತ್ತಿದ್ದರು. ಒಂದೇ ದಶಕ, ಎರಡು ಊರು, ಎರಡು ಅಳತೆ. ಇದರಲ್ಲಿ ನಿಮ್ಮ ಮಗಳ ಮೈಯಲ್ಲಿ ತಪ್ಪೇನಿದೆ ಹೇಳಿ?

ಆದರೆ ಬೆರಿಲ್ ಗ್ರೇ ಹೆಸರು ಹೇಳಿದ ಕೂಡಲೇ ಅವಳು ಹಿಡಿದುಕೊಳ್ಳುವ ಇನ್ನೊಂದು ಎಳೆ ಇದೆ, "ನೋಡಿ, 15ಕ್ಕೇ ಆಡಿದರು" ಅಂತ. ಸರಿ, ಅದೂ ನಿಜ. 1932ರಲ್ಲಿ ಬ್ಯಾಲಂಚೀನ್ ಪ್ಯಾರಿಸ್ಸಿನ ರಷ್ಯನ್ ಟೀಚರುಗಳ ಕ್ಲಾಸಿನಿಂದ ಮೂವರು ಪುಟ್ಟ ಹುಡುಗಿಯರನ್ನು ಆರಿಸಿಕೊಂಡಿದ್ದರು, ಬರೋನೋವಾ, ತೂಮನೋವಾ, ರಿಯಾಬುಷಿನ್ಸ್ಕಾ. ಬೇಬಿ ಬ್ಯಾಲೆರಿನಾ ಅಂತ ಅವರಿಗೆ ಹೆಸರೇ ಬಿತ್ತು. ಆ ಮಕ್ಕಳಿಗೆ ಅಷ್ಟು ಹೊತ್ತಿಗೆ ದಿನವಿಡೀ ನೃತ್ಯ ಬಿಟ್ಟು ಬೇರೆ ಬದುಕೇ ಇರಲಿಲ್ಲ. ವಾರಕ್ಕೆ ಮೂರು ದಿನ, ಸ್ಕೂಲು ಟ್ಯೂಷನ್ ಮುಗಿಸಿ ಟ್ರಾಫಿಕ್ ದಾಟಿ ಕ್ಲಾಸಿಗೆ ಹೋಗುವ ಮಗುವಿನ ಜೊತೆ ಅವರನ್ನು ಹೋಲಿಸಬಾರದು. ಮತ್ತೆ, ನಮಗೆ ವಿಡಿಯೋದಲ್ಲಿ ಕಾಣುವುದು ಉಳಿದವರು ಮಾತ್ರ. ಕಾಲು ಕೆಟ್ಟು 16ಕ್ಕೆ ಮನೆಗೆ ಹೋದವರ ವಿಡಿಯೋವನ್ನು ಯಾರೂ ತೆಗೆದಿಲ್ಲ. ರಷ್ಯಾದ ವಿಡಿಯೋಗಳಲ್ಲಂತೂ ಇದು ಇನ್ನೂ ಜಾಸ್ತಿ, ಅಲ್ಲಿ ಸರ್ಕಾರದ ಶಾಲೆ, ಒಂಬತ್ತು ಹತ್ತು ವರ್ಷಕ್ಕೇ ಮೈ ಅಳೆದು ನೋಡಿ ಕೆಲವರನ್ನೇ ಸೇರಿಸಿಕೊಳ್ಳುತ್ತಿದ್ದರು.

ಮಜಾ ನೋಡಿ, ಆ ರಷ್ಯನ್ ಪದ್ಧತಿಯನ್ನು ಕಟ್ಟಿದ ಅಗ್ರಿಪ್ಪಿನಾ ವಾಗನೋವಾ ಅವರನ್ನೇ ಅವರ ಕಾಲದಲ್ಲಿ ಮೈಕಟ್ಟು ಸಾಲದು ಅಂತ ಹಿಂದಿಟ್ಟಿದ್ದರು. ಬ್ಯಾಲೆರಿನಾ ಅನ್ನುವ ಪಟ್ಟ ಅವರಿಗೆ ಸಿಕ್ಕಿದ್ದು 1915ರಲ್ಲಿ, ವೇದಿಕೆ ಬಿಡುವುದಕ್ಕೆ ಸ್ವಲ್ಪವೇ ಮುಂಚೆ. ಅವರ ಕೈಯಲ್ಲಿ ಕಲಿತ ಉಲಾನೋವಾ 1956ರಲ್ಲಿ ಬೊಲ್ಶೊಯ್ ಜೊತೆ ಲಂಡನ್ನಿಗೆ ಬಂದಾಗ ವಯಸ್ಸು 46. ಜೂಲಿಯೆಟ್ ಪಾತ್ರ, ಅಂದರೆ ಇನ್ನೂ 14 ತುಂಬದ ಹುಡುಗಿ. ಆ ವಯಸ್ಸಿನಲ್ಲಿ ಅವರು ಆ ಹುಡುಗಿಯಾಗಿಯೇ ಓಡಿದರು, ಲಂಡನ್ ದಂಗಾಯಿತು. ನಿಮ್ಮ ಮಗಳಿಗೆ ಲೇಟಾಯಿತು ಅನಿಸುತ್ತಿದ್ದರೆ ಆ ಓಟವನ್ನು ಇನ್ನೊಮ್ಮೆ ಹಾಕಿ ತೋರಿಸಿ.

ರಷ್ಯಾದ ಹೆಸರಾಂತ ಬ್ಯಾಲೆ ನರ್ತಕ ನುರೆಯೆವ್ 17ಕ್ಕೆ ಶುರು ಮಾಡಿದರು ಅನ್ನುವ ಸಮಾಧಾನದ ಕಥೆಯನ್ನೂ ನೀವು ಕೇಳಿರಬಹುದು. ಅರ್ಧ ಸತ್ಯ. 1955ರಲ್ಲಿ 17ಕ್ಕೆ ಸೇರಿದ್ದು ಲೆನಿನ್‌ಗ್ರಾಡಿನ ದೊಡ್ಡ ಶಾಲೆಗೆ, ಆದರೆ ತಮ್ಮ ಊರು ಉಫಾದಲ್ಲಿ ಚಿಕ್ಕಂದಿನಿಂದಲೇ ಕಲಿಯುತ್ತಿದ್ದರು. ಗಂಡು ಮಕ್ಕಳಿಗೆ ಪಾಯಿಂಟ್ ಶೂ ಕಾಟವೂ ಇಲ್ಲ. ಸುಮ್ನೆ ಧೈರ್ಯ ಹೇಳಲು ಇಂಥದ್ದನ್ನು ಬಳಸಬೇಡಿ, ಮಕ್ಕಳು ಹುಡುಕಿ ಓದಿ ಬರುತ್ತಾರೆ, ಆಮೇಲೆ ನಿಮ್ಮ ಬೇರೆ ಮಾತನ್ನೂ ನಂಬುವುದಿಲ್ಲ.

ಪಾಯಿಂಟ್ ಶೂ ಬಗ್ಗೆ ಎರಡು ತಪ್ಪು ತಿಳಿವಳಿಕೆ ಬೇಗ ಹೇಳಿ ಮುಗಿಸುತ್ತೇನೆ. ಅದರ ಮೂತಿಯಲ್ಲಿ ಮರದ ತುಂಡು ಇರುತ್ತೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. ಗೋಣಿಯಂಥ ಬಟ್ಟೆ, ಕಾಗದ, ಅಂಟು, ಇವನ್ನು ಪದರ ಪದರ ಹಾಕಿ ಗಟ್ಟಿ ಮಾಡಿರುತ್ತಾರೆ, ಬೆವರಿಗೆ ಬೇಗ ಮೆತ್ತಗಾಗುತ್ತದೆ. ಮೆತ್ತಗಾದ ಶೂ ಪಾದವನ್ನು ಹಿಡಿಯುವುದಿಲ್ಲ, ಆಗ ಭಾರವೆಲ್ಲ ಮೂಳೆಗೆ. ಇನ್ನೊಂದು, ಪಾದದ ಮೂಳೆ ಬೆಳವಣಿಗೆ ಪೂರ್ತಿ ನಿಲ್ಲುವವರೆಗೂ ಪಾಯಿಂಟ್ ಹಾಕಲೇಬಾರದು ಅನ್ನುವುದು. ಅದೂ ಹಾಗಲ್ಲ. ಸರಿಯಾಗಿ ಕಲಿತಿದ್ದರೆ 12ರ ಆಸುಪಾಸಿನಲ್ಲಿ ಶುರು ಮಾಡುವುದು ಎಲ್ಲ ಕಡೆ ಇದೆ. ವಯಸ್ಸಿಗಿಂತ ನಾನು ನೋಡುವುದು ಹಿಡಿತವನ್ನು. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದನ್ನು ಇಪ್ಪತ್ತರಷ್ಟು ಸಲ ಪಾದ ಅಲುಗದೆ ಮಾಡುತ್ತಾಳಾ, ಸೊಂಟ ಒಂದು ಕಡೆ ಕುಸಿಯುತ್ತದಾ, ಪಾದ ಪೂರ್ತಿ ಚಾಚುತ್ತದಾ. ನಿಮ್ಮ ಮಗಳ ತೊಂದರೆ ಏನೆಂದರೆ ಪಾಯಿಂಟ್ ಶುರುವಾದದ್ದೂ ಅವಳು ಒಂದೇ ಏಟಿಗೆ ಬೆಳೆದದ್ದೂ ಒಂದೇ ಸಮಯಕ್ಕೆ ಬಂತು. ಹೀಗೆ ಬೆಳೆಯುವಾಗ ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಬೀಳುತ್ತದೆ, ನಿನ್ನೆ ಆಗುತ್ತಿದ್ದ ತಿರುಗು ಇವತ್ತು ಆಗುವುದಿಲ್ಲ. ಮಗು ಅದನ್ನು ದಪ್ಪಗಾಗಿದ್ದೇನೆ ಅಂತ ಅರ್ಥ ಮಾಡಿಕೊಳ್ಳುತ್ತದೆ. ಅಲ್ಲ, ಕೈಕಾಲಿನ ಉದ್ದ ಬದಲಾಗಿದೆ, ತಲೆ ಇನ್ನೂ ಹಳೇ ಲೆಕ್ಕದಲ್ಲಿದೆ.

ಟರ್ನ್‌ಔಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಗಮನ ಇಡಿ. ಮಂಡಿ ಪಾದ ಹೊರಗೆ ತಿರುಗುವುದು ಬಹುಪಾಲು ಸೊಂಟದ ಕೀಲಿನಿಂದ. ನಮ್ಮ ಅರೆಮಂಡಿಯದ್ದೂ ಇದೇ ಕಥೆ. (ಬೆಂಗಳೂರಿನಲ್ಲೇ ಹುಟ್ಟಿದ ರಾಮ್ ಗೋಪಾಲ್ ನಮ್ಮ ನೃತ್ಯವನ್ನು ಯುರೋಪಿಗೆ ಒಯ್ದವರು, 1960ರಲ್ಲಿ ಬ್ರಿಟನ್ನಿನ ದೊಡ್ಡ ಬ್ಯಾಲೆರಿನಾ ಅಲಿಸಿಯಾ ಮಾರ್ಕೋವಾ ಜೊತೆ ರಾಧಾ ಕೃಷ್ಣರಾಗಿ ನರ್ತಿಸಿದರು. ನಿಮ್ಮ ಮಗಳಿಗೆ ಇದು ಗೊತ್ತಿರಲಿ, ಅವಳ ಊರಿಗೂ ಆ ಲೋಕಕ್ಕೂ ನಂಟಿದೆ.) ಸೊಂಟ ಕೊಡದಷ್ಟನ್ನು ಪಾದದಿಂದ ಎಳೆದು ತಿರುಗಿಸಿದರೆ ಮಂಡಿಯ ಒಳಬದಿ ಮತ್ತು ಪಾದದ ಕಮಾನು ಅದಕ್ಕೆ ಬೆಲೆ ತೆರುತ್ತವೆ. ರಾತ್ರಿ ಕಪ್ಪೆ ಥರ ಮಲಗಿ ಮೇಲೆ ಭಾರ ಇಡಿಸಿಕೊಳ್ಳುತ್ತಿದ್ದರೆ ನಿಲ್ಲಿಸಿ. ಕಾಲು ಕಿವಿಯ ತನಕ ಎತ್ತಲೇಬೇಕು ಅನ್ನುವುದೂ ಅಷ್ಟೇ. "ಸ್ಲೀಪಿಂಗ್ ಬ್ಯೂಟಿ"ಯಲ್ಲಿ ಫಾಂಟೇನ್ ಅವರ ಆ "ರೋಸ್ ಅಡಾಜಿಯೊ" ನೋಡಿ, ನಾಲ್ಕು ರಾಜಕುಮಾರರ ಕೈ ಒಂದೊಂದಾಗಿ ಬಿಡುತ್ತಾ ಒಂಟಿ ಬೆರಳ ತುದಿಯಲ್ಲಿ ನಿಲ್ಲುವುದು. ಕಾಲು ಅಷ್ಟೇನೂ ಮೇಲಿಲ್ಲ. ಅವರ ಪಾದ ಮೃದು, ಕಮಾನು ಸಾಲದು ಅಂತ ಕಂಪನಿಯೊಳಗೇ ಮಾತಿತ್ತು. 1949ರ ಅಕ್ಟೋಬರ್ 9ರಂದು ನ್ಯೂಯಾರ್ಕ್ ಆ ಪಾದಗಳನ್ನು ನೋಡಿಯೇ ಎದ್ದು ನಿಂತಿತು, ಮುಂದಿನ ತಿಂಗಳು ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ.

"ನೋವು ಇದ್ದದ್ದೇ" ಅನ್ನುವ ಮಾತು. ಇದರಲ್ಲಿ ನಿಜವೂ ಇದೆ, ಅದಕ್ಕೇ ಇದು ಅಪಾಯ. ಬೊಬ್ಬೆ, ಉಗುರು ಕಪ್ಪಾಗುವುದು, ಮೀನಖಂಡ ಹಿಡಿದುಕೊಳ್ಳುವುದು, ಇವೆಲ್ಲ ಬರುತ್ತವೆ ಹೋಗುತ್ತವೆ. ಒಂದು ಬೆರಳಲ್ಲಿ ತೋರಿಸಬಹುದಾದ ಮೂಳೆಯ ನೋವು, ರಾತ್ರಿಯೂ ನೋಯುವುದು, ದಿನೇದಿನೇ ಜಾಸ್ತಿಯಾಗುವುದು, ಇದು ಆ ಜಾತಿಯದ್ದಲ್ಲ. ಆ ಕಾಲದವರು ಸಹಿಸಿಕೊಂಡು ಆಡಿದರು, ಯಾಕೆಂದರೆ ಅವರಿಗೆ ಬೇರೆ ದಾರಿ ಕಡಿಮೆ ಇತ್ತು. ನೃತ್ಯ ಮಾಡುವವರಿಗೆ ಅಂತಲೇ ಇರುವ ವೈದ್ಯ ಶಾಖೆ ಆಗ ಇರಲಿಲ್ಲ, ಅದರ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದೇ 1990ರಲ್ಲಿ. ನ್ಯೂಯಾರ್ಕಿನಲ್ಲಿ ಎಂಟನೇ ಅವೆನ್ಯೂದಲ್ಲಿ ಜೋಸೆಫ್ ಪಿಲಾಟಿಸ್ ಅನ್ನುವವರ ಕೊಠಡಿ ಇತ್ತು, ಪೆಟ್ಟಾದವರನ್ನು ಬ್ಯಾಲಂಚೀನ್ ಅಲ್ಲಿಗೆ ಕಳಿಸುತ್ತಿದ್ದರು. ಇವತ್ತು ಬೀದಿ ಬೀದಿಯಲ್ಲಿ ಪಿಲಾಟಿಸ್ ಕ್ಲಾಸ್ ಇದೆಯಲ್ಲ, ಅದು ಅವರದ್ದೇ. ಫಾಂಟೇನ್ 60ರ ತನಕ ವೇದಿಕೆ ಹತ್ತಿದರು ಅಂತ ನಾವು ಬೆರಗಾಗುತ್ತೇವೆ. ಅವರ ಗಂಡನಿಗೆ 1964ರಲ್ಲಿ ಗುಂಡೇಟು ಬಿದ್ದು ಕೈಕಾಲಿನ ಸ್ವಾಧೀನ ಹೋಗಿತ್ತು, ಅವರ ಆರೈಕೆಗೆ ದುಡ್ಡು ಬೇಕಿತ್ತು. ಈ ಅರ್ಧವನ್ನೂ ಸೇರಿಸಿ ಹೇಳಿದರೆ ಮಕ್ಕಳಿಗೆ ಆ ಬದುಕು ಸರಿಯಾಗಿ ಕಾಣುತ್ತದೆ.

ಈಗ ನಿಮ್ಮ ಮುಂದೆ ಇರುವ ದಾರಿಗಳು.

ಯಜಮಾನರು ಹೇಳುವಂತೆ ಪೂರ್ತಿ ಬಿಡಿಸುವುದು. ಅವರ ಗಾಬರಿ ನನಗೆ ಅರ್ಥವಾಗುತ್ತದೆ. ಆದರೆ ಬ್ಯಾಲೆ ನಿಂತರೆ ಊಟ ತಾನಾಗಿ ಶುರುವಾಗುತ್ತದೆ ಅನ್ನುವ ಖಾತ್ರಿ ಇಲ್ಲ. ಊಟ ಬಿಡುವುದು ಒಂದು ಹಂತ ದಾಟಿದ ಮೇಲೆ ಅದಕ್ಕೆ ಬ್ಯಾಲೆಯ ನೆಪ ಬೇಕಾಗುವುದಿಲ್ಲ. ಅವಳಿಗೆ ಪ್ರಿಯವಾದದ್ದು ಹೋಯಿತು, ಹಸಿವು ಉಳಿಯಿತು ಅಂದರೆ ಇನ್ನೂ ಕಷ್ಟ. ಕದ್ದು ಅಭ್ಯಾಸ ಮಾಡುವ ಮಕ್ಕಳನ್ನೂ ನೋಡಿದ್ದೇನೆ, ಬಚ್ಚಲುಮನೆಯ ನುಣ್ಣನೆ ನೆಲದ ಮೇಲೆ.

ನೋವಿನ ಮಾತ್ರೆ ಕೊಟ್ಟು ಶೋ ಒಂದು ಮುಗಿಸಿಬಿಡುವುದು ಎರಡನೆಯದು. ದಯವಿಟ್ಟು ಬೇಡ. ಮಾತ್ರೆ ನೋವನ್ನು ಮರೆಸುತ್ತದೆ, ಮೂಳೆ ಗಟ್ಟಿಯಾಗುವುದಿಲ್ಲ. ಕೂದಲೆಳೆ ಸೀಳು ಪೂರ್ತಿ ಮುರಿತ ಆಗಲು ಒಂದು ಹಾರು ಸಾಕು. ಆಗ ಆರು ವಾರದ ಮಾತು ಹೋಗಿ ತಿಂಗಳುಗಳ ಮಾತಾಗುತ್ತದೆ, ಕೆಲವೊಮ್ಮೆ ಆಪರೇಷನ್ ಕೂಡ.

ನಾನು ಸಾಮಾನ್ಯವಾಗಿ ಹೇಳುವುದು ಮೂರನೆಯದು. ಪಾಯಿಂಟ್ ಮತ್ತು ಹಾರಾಟ ಪೂರ್ತಿ ನಿಲ್ಲಿಸಿ, ಕ್ಲಾಸಿನ ಜೊತೆ ನಂಟು ಉಳಿಸಿಕೊಳ್ಳುವುದು. ಮೂಳೆ ಡಾಕ್ಟರು ಒಪ್ಪಿದಷ್ಟು ನೆಲದ ಮೇಲೆ ಮಲಗಿ ಮಾಡುವ ವ್ಯಾಯಾಮ, ಕೈ ಮತ್ತು ಬೆನ್ನಿನ ಕೆಲಸ, ಮುಖಭಾವ, ಸಂಗೀತ. ಸೀಳು ಇದ್ದರೆ ಕನಿಷ್ಠ ಆರರಿಂದ ಎಂಟು ವಾರ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಶೋ ತಪ್ಪುತ್ತದೆ, ಅವಳು ಅಳುತ್ತಾಳೆ, ನಿಮ್ಮ ಮೇಲೆ ಸಿಟ್ಟಾಗುತ್ತಾಳೆ. ಆ ಪಾತ್ರ ಬೇರೆ ಹುಡುಗಿಗೆ ಹೋಗಬಹುದು. ಈ ದಾರಿಯ ನಷ್ಟ ಇದು, ಸಣ್ಣದಲ್ಲ. ಸುಮ್ಮನೆ ಕೂತ ದಿನಗಳಲ್ಲಿ ತಿನ್ನುವುದನ್ನು ಇನ್ನೂ ಕಡಿಮೆ ಮಾಡುವ ಅಪಾಯವೂ ಇದೆ, ಅದನ್ನು ಕಾಯಬೇಕು.

"ಆರು ವಾರ ನಿಂತರೆ ಎಲ್ಲ ಹೋಯಿತು" ಅಂತ ಅವಳು ಖಂಡಿತ ಹೇಳುತ್ತಾಳೆ. ಆಗ ಕ್ಯೂಬಾದ ಬ್ಯಾಲೆರಿನಾ ಅಲಿಸಿಯಾ ಅಲೊನ್ಸೊ ಅವರ ಕಥೆ ಹೇಳಿ. 1941ರಲ್ಲಿ, 20ರ ಹರೆಯದಲ್ಲಿ, ಕಣ್ಣಿನ ಒಳಪದರ ಕಳಚಿತು. ಆಪರೇಷನ್ ಮೇಲೆ ಆಪರೇಷನ್. ತಿಂಗಳುಗಟ್ಟಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲುಗಾಡದೆ ಮಲಗಿದ್ದರು. ಹಾಗೆ ಮಲಗಿಯೇ "ಜಿಸೆಲ್" ಅನ್ನುವ ಬ್ಯಾಲೆಯನ್ನು ಪೂರ್ತಿ ಕಲಿತರು, ಬೆರಳುಗಳಲ್ಲಿ. ಹಾಸಿಗೆಯ ಮೇಲೆ ಎರಡು ಬೆರಳು ಎರಡು ಕಾಲಾಗಿ ಹೆಜ್ಜೆ ಹಾಕುವುದು, ಅಷ್ಟೇ. 1943ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಕೋವಾ ಹುಷಾರಿಲ್ಲದೆ ಬರಲಾಗದಿದ್ದಾಗ ಆ ಪಾತ್ರಕ್ಕೆ ಅಲೊನ್ಸೊ ನಿಂತರು. ನನ್ನ ಹತ್ತಿರ ಬರುವ ಮಕ್ಕಳಿಗೆ ನಾನು ಇದನ್ನೇ ಮನೆಪಾಠ ಕೊಡುತ್ತೇನೆ, ದಿನಕ್ಕೆ ಇಪ್ಪತ್ತು ನಿಮಿಷ, ಹಾಡು ಹಾಕಿಕೊಂಡು ಬೆರಳಲ್ಲಿ ಅಥವಾ ಮನಸ್ಸಿನಲ್ಲಿ ಇಡೀ ಐಟಂ. ವಾಪಸ್ ಬಂದಾಗ ಹೆಜ್ಜೆ ಮರೆತಿರುವುದಿಲ್ಲ.

ಲೆ ಕ್ಲೆರ್ಕ್ ಅವರದ್ದನ್ನು ಪೂರ್ತಿ ಹೇಳಲಿಲ್ಲ ನಾನು. 1956ರಲ್ಲಿ, 27ನೇ ವಯಸ್ಸಿಗೆ, ಯುರೋಪ್ ಪ್ರವಾಸದಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಬಂತು. ಮತ್ತೆ ನಡೆಯಲಿಲ್ಲ. ಆ ಅಡುಗೆ ಪುಸ್ತಕ ಆಮೇಲಿನದು. 70ರ ದಶಕದಲ್ಲಿ ಹಾರ್ಲೆಮ್‌ನಲ್ಲಿ ಗಾಲಿಕುರ್ಚಿಯಲ್ಲಿ ಕೂತು, ಕೈಗಳಲ್ಲೇ ಕಾಲಿನ ಹೆಜ್ಜೆ ತೋರಿಸಿ ಪಾಠ ಮಾಡಿದರು. ಇದನ್ನು ನಿಮ್ಮ ಮಗಳಿಗೆ ಈಗಲೇ ಹೇಳಬೇಡಿ, ಹೆದರುತ್ತಾಳೆ. ಇದು ನಿಮಗೆ.

ಊಟದ ಬಗ್ಗೆ ಮನೆಯಲ್ಲಿ ಜಗಳ ಬೇಡ. ತೂಕ ನೋಡುವ ಮಿಷನ್ ಇದ್ದರೆ ಎತ್ತಿ ಒಳಗಿಡಿ. "ನೀನೆಲ್ಲಿ ದಪ್ಪ" ಅಂತ ವಾದ ಮಾಡಬೇಡಿ, ಆ ವಾದದಲ್ಲಿ ಅಮ್ಮಂದಿರು ಗೆದ್ದದ್ದನ್ನು ನಾನು ನೋಡಿಲ್ಲ. ಮೂಳೆ ಅನ್ನಿ, ಶೂ ಅನ್ನಿ, ವಾಪಸ್ ಹೋಗುವ ದಿನ ಅನ್ನಿ. ಬೆಳಗ್ಗೆ ಎಲ್ಲರೂ ಒಟ್ಟಿಗೆ ಕೂತು ತಿನ್ನಿ, ಇಡ್ಲಿ, ರಾಗಿ ದೋಸೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಒಂದು ಲೋಟ ಹಾಲು. ಕ್ಲಾಸಿಗೆ ಮುಂಚೆ ಬಾಳೆಹಣ್ಣು, ಮುಗಿದ ಒಂದು ಗಂಟೆಯೊಳಗೆ ಸರಿಯಾದ ಊಟ. ಒಂದು ವಾರದಲ್ಲಿ ಇದು ಆಗುತ್ತಿಲ್ಲ, ತಟ್ಟೆ ಮುಂದೆ ಅಳುತ್ತಾಳೆ, ತಿಂದು ವಾಂತಿ ಮಾಡುತ್ತಾಳೆ ಅನಿಸಿದರೆ ಮಕ್ಕಳ ಮನೋವೈದ್ಯರ ಹತ್ತಿರ ಹೋಗಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಮತ್ತು ಹರೆಯದವರಿಗೆ ಬೇರೆಯೇ ವಿಭಾಗ ಇದೆ. ಮುಜುಗರ ಪಡುವಂಥದ್ದು ಏನೂ ಇಲ್ಲ, ಕಾಲು ನೋವಿಗೆ ನನ್ನ ಹತ್ತಿರ ಬರುತ್ತೀರಲ್ಲ, ಹಾಗೇ.

ಟೀಚರನ್ನು ನೀವೇ ಹೋಗಿ ನೋಡಿ, ಮಗಳಿಲ್ಲದಾಗ. ಜಗಳಕ್ಕಲ್ಲ. ಮುಟ್ಟು ನಿಂತಿದೆ, ಪಾದ ನೋಯುತ್ತಿದೆ, ತೂಕದ ಮಾತು ಇನ್ನು ಬೇಡ ಅಂತ ನೇರವಾಗಿ ಹೇಳಿ. ಒಳ್ಳೆಯ ಟೀಚರಿಗೆ ಇಷ್ಟು ಸಾಕು, ಗಾಬರಿಯಾಗಿ ಅವರೇ ಸಹಾಯಕ್ಕೆ ನಿಲ್ಲುತ್ತಾರೆ. ಹಾಗಲ್ಲದೆ "ಈ ಫೀಲ್ಡಲ್ಲಿ ಇದೆಲ್ಲ ಇದ್ದದ್ದೇ" ಅನ್ನುವ ಉತ್ತರ ಬಂದರೆ, ಆಗ ಬಿಡಿಸಬೇಕಾದದ್ದು ಆ ಕ್ಲಾಸನ್ನು.

ಡಾಕ್ಟರು ನೋಡಿ ಆದ ಮೇಲೆ ನನ್ನ ಹತ್ತಿರವೋ ನಿಮಗೆ ಹತ್ತಿರದ ಫಿಸಿಯೋ ಹತ್ತಿರವೋ ಕರೆದುಕೊಂಡು ಹೋಗುವಾಗ ಅವಳ ಪಾಯಿಂಟ್ ಶೂ ತೆಗೆದುಕೊಂಡು ಹೋಗಿ. ಹೊಸ ಜೋಡಿ ಬೇಡ, ಸವೆದದ್ದೇ ಬೇಕು. ಮೂತಿ ಯಾವ ಕಡೆಗೆ ಸವೆದಿದೆ, ಒಳಗಿನ ಪಟ್ಟಿ ಎಲ್ಲಿ ಮಡಿಸಿದೆ ಅಂತ ನೋಡಿದರೆ ಎಂಟು ತಿಂಗಳು ಅವಳು ಹೇಗೆ ನಿಂತಿದ್ದಳು ಅಂತ ಅರ್ಧ ಗೊತ್ತಾಗುತ್ತದೆ. ಉಳಿದ ಅರ್ಧ ಅವಳೇ ಹೇಳಲಿ. ಆ ಹೊತ್ತು ನೀವು ಹೊರಗೆ ಕೂತಿರಿ.